ಸೋಲ್ಡರಿಂಗ್ ಐರನ್‌ಗೆ ಆಯುಧಪೂಜೆ

ಹಳೆಯ ರೇಡಿಯೋದ ಬ್ಯಾಟರಿ ತಂತಿ ಕಿತ್ತುಬಂದಿತ್ತು. ಅಷ್ಟೆ. ಒಂದು ಹನಿ ಬೆಸುಗೆಯ ಲೆಡ್ ಕರಗಿಸಿ ಬಿಟ್ಟರೆ ಮುಗಿಯುವ ಕೆಲಸ. ಅದಕ್ಕೊಂದು ಸೋಲ್ಡರಿಂಗ್ ಐರನ್ ಆರಿಸಲು ಈ ಲೇಖಕ ಮಹಾಶಯನಿಗೆ ಮೂರು ವಾರ ಹಿಡಿಯಿತು. ಮಗಳಿಗೆ ವರ ನೋಡುವಾಗಲೂ ಇಷ್ಟು ವಿಚಾರಣೆ ನಡೆದಿರಲಿಲ್ಲ ಎಂಬುದು ಹೆಂಡತಿಯ ದೂರು.

ಕಾಲೇಜಿನ ದಿನಗಳಲ್ಲಿ ಈತನ ಬಳಿ 25 ವ್ಯಾಟಿನ ಒಂದು ಕಡ್ಡಿಯಿತ್ತು. ಪ್ಲಗ್ಗಿಗೆ ಹಾಕಿದರೆ ಕಾಯುತ್ತಿತ್ತು, ತೆಗೆದರೆ ಆರುತ್ತಿತ್ತು, ನಡುವೆ ಮಾತುಕತೆಯಿಲ್ಲ. ಅದರ ಬರಿ ತಾಮ್ರದ ತುದಿ ಕಪ್ಪಾದಾಗಲೆಲ್ಲ ಅರ ಹಾಕಿ ಉಜ್ಜುವುದೇ ಕ್ರಮ. ಈ ಕೊನೆಯ ವಾಕ್ಯವನ್ನು ಓದುಗರು ನೆನಪಿಡಬೇಕು. ಲೇಖಕ ನೆನಪಿಟ್ಟದ್ದೇ ಅನಾಹುತವಾಯಿತು.

ಈಗ ವಿಚಾರಿಸಿದವರೆಲ್ಲ ಪಂಡಿತರೇ. ಜಪಾನಿನ ಹಾಕೋ ಕಂಪನಿಯ, ಶಾಖ ಹೊಂದಿಸುವ ಸ್ಟೇಷನ್ ಇಲ್ಲದೆ ಬೆಸುಗೆಗೆ ಕೂರುವುದೇ ಪಾಪ ಎಂದರು ಒಬ್ಬರು. ಟೈಪ್-ಸಿ ಚಾರ್ಜರಿನಲ್ಲೇ ಕಾಯುವ ಪೈನ್‌ಸಿಲ್ ಐರನ್ ತೋರಿಸಿ, ಜೇಬಿನಲ್ಲಿಟ್ಟು ತಿರುಗಿ ಎಂದರು ಇನ್ನೊಬ್ಬರು. ಮೂರನೆಯವರು ವೆಲ್ಲರ್ ಕಂಪನಿಯ ಹಳೆಯ ಮಾದರಿಯ ಪುರಾಣ ತೆಗೆದರು: ಬಿಟ್ಟಿನ, ಅಂದರೆ ತುದಿಯ, ಹಿಂದಿರುವ ಲೋಹದ ಚೂರು ಗೊತ್ತಾದ ಶಾಖ ಮುಟ್ಟಿದೊಡನೆ ಅಯಸ್ಕಾಂತಕ್ಕೆ ಅಂಟುವುದನ್ನೇ ಬಿಡುತ್ತದೆ, ಸ್ವಿಚ್ಚು ತಾನಾಗಿ ಆರುತ್ತದೆ. ಇದು ನಿಜ, ಸೊಗಸೂ ಹೌದು. ಆದರೆ ಕೆಲಸವೇನು ಎಂದು ಒಬ್ಬರೂ ಕೇಳಲಿಲ್ಲ.

ಕೇಳಿದವನು ಎಸ್.ಪಿ. ರೋಡಿನ ಅಂಗಡಿಯವನು.

"ರೇಡಿಯೋನಾ ಸಾರ್? ಇಪ್ಪತ್ತೈದು ವ್ಯಾಟೇ ಸಾಕಲ್ಲ!"

ಮೂರು ವಾರ ಓದಿಕೊಂಡವನಿಗೆ ಇದಕ್ಕಿಂತ ಅವಮಾನವುಂಟೆ? ವ್ಯಾಟ್ ಹೆಚ್ಚಾದರೆ ಬಿಸಿ ಹೆಚ್ಚೆಂದಲ್ಲ, ಶಾಖ ಹೊಂದಿಸುವ ಐರನ್ನಿನಲ್ಲಿ ದಪ್ಪ ತಂತಿ ಹೀರಿಕೊಂಡ ಕಾವನ್ನು ಹೆಚ್ಚಿನ ವ್ಯಾಟ್ ಬೇಗ ತುಂಬಿಕೊಡುತ್ತದೆ ಎಂದು ಅಂಗಡಿಯವನಿಗೇ ಪಾಠ ಹೇಳಿದ್ದಾಯಿತು. 60 ಪಾಲು ತವರ, 40 ಪಾಲು ಸೀಸದ ಬೆಸುಗೆ ತಂತಿ 183 ಡಿಗ್ರಿಗೆ ಕರಗತೊಡಗಿ 190ರ ಹೊತ್ತಿಗೆ ನೀರಾಗುತ್ತದೆಂದೂ, ತುದಿ 350ಕ್ಕಿದ್ದರೆ ಧಾರಾಳವೆಂದೂ ಸೇರಿಸಿದ. ಅಂಗಡಿಯವನು ಆಕಳಿಸಿ ಬಿಲ್ಲು ಬರೆದ. 60 ವ್ಯಾಟಿನ ಸ್ಟೇಷನ್ ಆಟೋ ಹತ್ತಿತು. ರೇಡಿಯೋ ಹಾಡಿತು.

ಅಷ್ಟರಲ್ಲಿ ಆಯುಧಪೂಜೆ ಬಂತು. ಹೆಂಡತಿ ಹಿತ್ತಲಲ್ಲಿ ಹುಣಸೆಹಣ್ಣು ಹಾಕಿ ದೀಪದ ಕಂಬ ತಿಕ್ಕುತ್ತಿದ್ದಳು. ಲೇಖಕನಿಗೆ ತನ್ನ ಆಯುಧ ನೆನಪಾಯಿತು. 450 ಡಿಗ್ರಿಗಿಟ್ಟು ಕಾಫಿಗೆ ಹೋಗಿ ಮರೆತಿದ್ದರಿಂದ ಅದರ ತುದಿ ಇದ್ದಿಲಾಗಿತ್ತು. ಮರಳು ಕಾಗದ ಹಿಡಿದು ಅವಳ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತ. ಕಪ್ಪು ಹೋಯಿತು, ಬೆಳ್ಳಿಯ ಬಣ್ಣ ಬಂತು. ಸಾಕೆನ್ನಬಹುದಿತ್ತು, ಆದರೆ ದೀಪದ ಕಂಬ ಇದಕ್ಕಿಂತ ಹೆಚ್ಚು ಹೊಳೆಯುತ್ತಿತ್ತು. ಮತ್ತೆ ಉಜ್ಜಿದ. ತಿರುಗಿಸಿ ಉಜ್ಜಿದ. ನಾಲಗೆ ಕಚ್ಚಿಕೊಂಡು ಉಜ್ಜಿದ. ಬೆಳ್ಳಿಯ ಅಡಿಯಿಂದ ಕೆಂಪು ಇಣುಕಿತು. ತಾಮ್ರ! ಹಂಪಿಯಲ್ಲಿ ಅಗೆದವನಿಗೆ ಕೊಪ್ಪರಿಗೆ ಸಿಕ್ಕಷ್ಟು ಸಂಭ್ರಮ.

"ನೋಡೇ, ಒಳ್ಳೇ ಮಾಲನ್ನ ಒಳಗಡೆ ಬಚ್ಚಿಟ್ಟಿದ್ದಾರೆ!"

"ಚೆನ್ನಾಗಿದೆ ರೀ, ಕುಂಕುಮ ಇಡಿ."

ಕುಂಕುಮವಿಟ್ಟ. ಸೇವಂತಿಗೆ ಮುಡಿಸಿದ. ನಿಂಬೆಹಣ್ಣು ಕತ್ತರಿಸಿದ. ಬೂದುಗುಂಬಳ ಒಡೆಯುವುದೊಂದನ್ನು ಹೆಂಡತಿ ತಡೆದಳು.

ಆ ಬೆಳ್ಳಿ ಬಣ್ಣವೇ ಬಿಟ್ಟಿನ ಪ್ರಾಣವಾಗಿತ್ತು. ಕರಗಿದ ತವರ ತಾಮ್ರವನ್ನು ತಿನ್ನುತ್ತದೆ. ತಿನ್ನದಿರಲೆಂದೇ ಮೇಲೆ ಕಬ್ಬಿಣದ ಲೇಪ ಕೊಟ್ಟಿರುತ್ತಾರೆ. ಕಪ್ಪಾದರೆ ಒದ್ದೆ ಸ್ಪಂಜಿಗೋ ಹಿತ್ತಾಳೆಯ ನಾರಿಗೋ ಒರಸಿ ಹೊಸ ಲೆಡ್ ಹಚ್ಚಬೇಕು. ಅರ, ಮರಳು ಕಾಗದವೆಲ್ಲ ಆ ಹಳೆಯ ಕಡ್ಡಿಯ ಕಾಲಕ್ಕೇ ಸರಿ. ದೀಪಾವಳಿ ಕಳೆದು ಸ್ವಲ್ಪ ದಿನಕ್ಕೆ ತುದಿಯಲ್ಲಿ ಹುಳುಕು ಹಲ್ಲಿನಂಥ ಗುಳಿ ಬಿತ್ತು.

ಪಂಡಿತರು ಹೇಳದೆ ಬಿಟ್ಟದ್ದು ಇನ್ನೂ ಒಂದಿದೆ. ಬೆಸುಗೆಯ ಹೊಗೆ ಸೀಸದ್ದಲ್ಲ, ತಂತಿಯೊಳಗಿನ ರಾಳದ್ದು. ಉಬ್ಬಸದವರಿಗೆ ಅದೂ ಆಗದು. ಸೀಸ ಹೊಟ್ಟೆ ಸೇರುವುದು ಕೈಯಿಂದ, ಮಕ್ಕಳ ಮಿದುಳಿಗಂತೂ ಅದು ವಿಷ. ತಂತಿ ಹಿಡಿದಿದ್ದ ಬೆರಳಲ್ಲೇ ಮೊಮ್ಮಗನಿಗೆ ಕೋಡುಬಳೆ ಮುರಿದುಕೊಟ್ಟದ್ದು ನೆನಪಾದರೆ ಈತನಿಗೆ ಈಗಲೂ ಬೆವರು ಒಡೆಯುತ್ತದೆ. ದಯವಿಟ್ಟು ಸೋಪು ಹಾಕಿ ಕೈ ತೊಳೆಯಿರಿ.

ಹೊಸ ಬಿಟ್ಟು ಬಂದಿದೆ. ಉಳಿಯಂತೆ ಚಪ್ಪಟೆ ತುದಿಯದು, ಸೂಜಿಮೊನೆಗಿಂತ ಚೆನ್ನಾಗಿ ಶಾಖ ದಾಟಿಸುತ್ತದೆ. ಮನೆಯಲ್ಲಿದ್ದ ಮರಳು ಕಾಗದವನ್ನೆಲ್ಲ ಹೆಂಡತಿ ಬಡಗಿಗೆ ಕೊಟ್ಟುಬಿಟ್ಟಿದ್ದಾಳೆ.