ಪ್ಯಾರಿಸ್ಸಿಗೆ ನಾಲ್ಕೂಕಾಲು ದಿನ

ಬ್ಯಾಂಕಿನಿಂದಲೋ ಎಚ್‌ಎಎಲ್‌ನಿಂದಲೋ ನಿವೃತ್ತರಾಗಿ, ಮಗಳನ್ನೋ ಮಗನನ್ನೋ ಯುರೋಪಿನಲ್ಲಿ ನೆಲೆಯೂರಿಸಿರುವ ರಾಯರೊಬ್ಬರು ದಕ್ಷಿಣ ಬೆಂಗಳೂರಿನ ಪ್ರತಿ ಬೀದಿಯಲ್ಲೂ ಇರುತ್ತಾರೆ. ಹೆಸರು ಬೇಡ, ನಿಮ್ಮ ಬೀದಿಯವರ ಹೆಸರನ್ನು ನೀವೇ ಹಾಕಿಕೊಳ್ಳಿ. ವಿಮಾನ ಜೂನ್‌ನಲ್ಲಿ. ರಾಯರು ಮಾತ್ರ ಜನವರಿ ಸಂಕ್ರಾಂತಿ ಮುಗಿಯುತ್ತಲೇ ಹೊರಟುಬಿಡುತ್ತಾರೆ, ಅಂದರೆ ಲ್ಯಾಪ್‌ಟಾಪಿನ ಮುಂದೆ ಕೂರುತ್ತಾರೆ. ಎಕ್ಸೆಲ್ ಹಾಳೆಯಲ್ಲಿ ಊರಿಗೊಂದು ಸಾಲು. ಪಕ್ಕದಲ್ಲಿ ರಾತ್ರಿಗಳ ಕಾಲಂ. ಅಲ್ಲಿಂದಾಚೆಗೆ ಮನೆಯವರಿಗೂ ಪಾರ್ಕಿನವರಿಗೂ ಹಾಲಿನವನಿಗೂ ಅವರದು ಒಂದೇ ಪ್ರಶ್ನೆ: ಯಾವ ಊರಿಗೆ ಎಷ್ಟು ದಿನ?

ಇದಕ್ಕೆ ರಾಯರ ಮೊದಲ ಉಪಾಯ ಅಭಿಪ್ರಾಯ ಸಂಗ್ರಹ. ಕೃಷ್ಣರಾವ್ ಪಾರ್ಕಿನಲ್ಲಿ ಬೆಳಗಿನ ಎರಡು ಸುತ್ತಿನೊಳಗೆ ಎಲ್ಲ ಸಿಕ್ಕಿಬಿಡುತ್ತದೆ. ಪ್ಯಾಕೇಜ್ ಟೂರಿನಲ್ಲಿ ಹೋಗಿ ಬಂದವರು, “ಪ್ಯಾರಿಸ್‌ಗೆ ಒಂದೂವರೆ ದಿನ ಬೇಕಾದಷ್ಟಾಯ್ತು ಸಾರ್. ಟವರ್ ಹತ್ತಿದ್ರಿ, ದೋಣೀಲಿ ಕೂತ್ರಿ, ಮುಗೀತು” ಎನ್ನುತ್ತಾರೆ. ಸೊಸೆ ಅಲ್ಲೇ ಓದಿದ್ದಾಳೆನ್ನುವವರು, “ಲೂವ್ರ್ ಒಂದಕ್ಕೇ ವಾರ ಸಾಲದು” ಎಂದು ಕನ್ನಡಕ ಒರೆಸುತ್ತಾರೆ. ನಮ್ಮ ಬೀದಿಯ ರಾಯರು ಬ್ಯಾಂಕಿನವರು. ಏಳಕ್ಕೆ ಒಂದೂವರೆ ಕೂಡಿಸಿ ಎರಡರಿಂದ ಭಾಗಿಸಿದರು. ಉತ್ತರ 4.25. ಆ ಕಾಲು ದಿನವನ್ನು ಏನು ಮಾಡುವುದೆಂದು ಮಗಳು ಫೋನಿನಲ್ಲಿ ಕೇಳಿದಾಗ, “ತಿಂಡಿ ತಿಂದು ಹೊರಟ್ರೆ ಕಾಲು ದಿನ ಆಗ್ಲಿಲ್ವೇನಮ್ಮ?” ಎಂದರು. ಜೊತೆಗೆ ಜೂನ್‌ನಲ್ಲಿ ಪ್ಯಾರಿಸ್ಸಿನ ಸೂರ್ಯ ಮುಳುಗುವುದು ರಾತ್ರಿ ಹತ್ತರ ಸುಮಾರಿಗೆ, ಹಗಲು ಹದಿನಾರು ಗಂಟೆ. ಬೆಂಗಳೂರಿಗಿಂತ ದಿನಕ್ಕೆ ಮೂರು ಗಂಟೆ ಲಾಭ. ಈ ಲಾಭಕ್ಕೂ ಹಾಳೆಯಲ್ಲಿ ಒಂದು ಕಾಲಂ ಬಂತು. ಮೊಣಕಾಲಿಗೆ ಬರಲಿಲ್ಲ.

ಪ್ಯಾಕೇಜ್ ಟೂರೆಂದರೆ ರಾಯರಿಗೆ ತಾತ್ಸಾರ. “ಅವರು ನೋಡೋದಲ್ಲ, ಮುಟ್ಟಿ ಬರೋದು” ಎನ್ನುತ್ತಾರೆ. ಮಾತು ತೀರ ಸುಳ್ಳಲ್ಲ. ಆದರೆ ಬಸ್ಸಿನಲ್ಲಿ ಹೋಗುವವರಿಗೆ ಯಾವ ಊರಿನಲ್ಲಿ ಎಷ್ಟು ಹೊತ್ತು ಎಂಬುದನ್ನು ನಿರ್ಧರಿಸುವವರು ಪ್ರವಾಸಿಗಳೂ ಅಲ್ಲ, ಕಂಪನಿಯೂ ಪೂರ್ತಿಯಾಗಿ ಅಲ್ಲ. ಯುರೋಪಿಯನ್ ಒಕ್ಕೂಟದ ನಿಯಮದ ಪ್ರಕಾರ ಚಾಲಕ ದಿನಕ್ಕೆ ಸಾಮಾನ್ಯವಾಗಿ 9 ಗಂಟೆಗಿಂತ ಹೆಚ್ಚು ಓಡಿಸುವಂತಿಲ್ಲ, ನಾಲ್ಕೂವರೆ ಗಂಟೆ ಓಡಿಸಿದರೆ 45 ನಿಮಿಷ ವಿರಾಮ ಕೊಡಲೇಬೇಕು. ಇದನ್ನೆಲ್ಲ ದಾಖಲಿಸಲು ಗಾಡಿಯಲ್ಲೇ ಟ್ಯಾಕೋಗ್ರಾಫ್ ಕೂತಿರುತ್ತದೆ. ನಮ್ಮ ಜನ ಲಿಚ್‌ಟೆನ್‌ಸ್ಟೈನಿನ ರಾಜಧಾನಿ ವಾಡುಜ್‌ನಲ್ಲಿ ಇಳಿದು, ಕಾಫಿ ಕುಡಿದು, ದುಡ್ಡು ಕೊಟ್ಟು ಪಾಸ್‌ಪೋರ್ಟಿಗೆ ನೆನಪಿನ ಮುದ್ರೆ ಒತ್ತಿಸಿಕೊಂಡು ‘ಇನ್ನೊಂದು ದೇಶ ಆಯ್ತು’ ಎಂದು ಬಸ್ಸು ಹತ್ತುವುದರ ಹಿಂದೆ ಆ ಚಾಲಕನ ವಿರಾಮವೂ ಇರುತ್ತದೆ. ಅದೇ ದಾರಿಯ ರೈನ್ ಜಲಪಾತವನ್ನು ರಾಯರೂ ಮೊದಲು ಬರೆದುಕೊಂಡಿದ್ದರು. ಎತ್ತರ 23 ಮೀಟರ್ ಎಂದು ಓದಿ ಹೇಳುವಷ್ಟರಲ್ಲಿ ಮನೆಯವರು ಒಳಗಿನಿಂದಲೇ, “ಜೋಗ 253 ಮೀಟರ್ ರೀ. ನಾನು ಸಾಗರದವಳು, ನನಗೆ ತೋರಿಸ್ಬೇಡಿ” ಎಂದರು. ಸಾಲು ಅಳಿಸಿಹೋಯಿತು. ರೈನಿನ ಪರವಾಗಿ ಒಂದು ಮಾತು ಹೇಳಬೇಕು: ಅದು 150 ಮೀಟರ್ ಅಗಲಕ್ಕೆ ಬೇಸಿಗೆಯಲ್ಲೂ ತುಂಬಿ ಬೀಳುತ್ತದೆ, ಏಪ್ರಿಲ್ಲಿನ ಜೋಗಕ್ಕೆ ಹೋದವರಿಗೆ ಬಂಡೆಯ ದರ್ಶನ ಚೆನ್ನಾಗಿ ಆಗುತ್ತದೆ.

ಫೆಬ್ರವರಿಯಲ್ಲಿ ರಾಯರಿಗೆ ಹೊಸ ಸಂಗತಿಯೊಂದು ಗೊತ್ತಾಯಿತು. ಲೂವ್ರ್‌ಗೆ ಮಂಗಳವಾರ ರಜ. ಅದೇ ಪ್ಯಾರಿಸ್ಸಿನ ಓರ್ಸೆ ಮ್ಯೂಸಿಯಮ್ಮಿಗೆ ಸೋಮವಾರ. ಫ್ಲಾರೆನ್ಸಿನ ಉಫೀಜಿಗೂ ಸೋಮವಾರ. ವ್ಯಾಟಿಕನ್ ಮ್ಯೂಸಿಯಮ್ಮುಗಳಿಗೆ ತಿಂಗಳ ಕೊನೆಯದೊಂದು ಬಿಟ್ಟು ಉಳಿದ ಭಾನುವಾರಗಳೆಲ್ಲ. ಎಕ್ಸೆಲ್ ಹಾಳೆ ಅಂದಿನಿಂದ ಒಂಟಿಕೊಪ್ಪಲ್ ಪಂಚಾಂಗವಾಯಿತು. ಮಂಗಳವಾರ ಪ್ಯಾರಿಸ್ ಸಲ್ಲ, ಭಾನುವಾರ ರೋಮ್ ವರ್ಜ್ಯ. ರಾಯರಿಗೆ ನಿರ್ಧರಿಸುವ ಹೊರೆಯೇ ಇಲ್ಲದ ಸ್ಥಳವೆಂದರೆ ಮಿಲಾನಿನಲ್ಲಿರುವ ಲಿಯೊನಾರ್ಡೊನ ‘ಕೊನೆಯ ಭೋಜನ’. ಅಲ್ಲಿ ಒಂದು ತಂಡಕ್ಕೆ 15 ನಿಮಿಷ, ಆಮೇಲೆ ಬಾಗಿಲು. “ಇದು ನೋಡು ಶಿಸ್ತು” ಎಂದು ಸಂತೋಷಪಟ್ಟು ಟಿಕೆಟ್ ಹುಡುಕಿದರೆ, ಅವರ ತಾರೀಖಿಗೆ ಯಾವತ್ತೋ ಖಾಲಿಯಾಗಿತ್ತು. ಮಿಲಾನೂ ಬಿತ್ತು.

ಫ್ಲಾರೆನ್ಸಿಗೆ ಎಷ್ಟು ಎಂಬ ವಿಷಯದಲ್ಲಿ ಮನೆಯಲ್ಲಿ ದೊಡ್ಡ ಚರ್ಚೆಯೇ ಆಯಿತು. ರಾಯರು ಎಲ್ಲಿಂದಲೋ ಗಯಟೆಯನ್ನು ಕರೆತಂದರು. ಇಟಲಿಗಾಗಿ ವರ್ಷಗಟ್ಟಲೆ ಹಂಬಲಿಸಿ ಹೊರಟ ಆ ಮಹಾಕವಿ 1786ರ ಅಕ್ಟೋಬರ್‌ನಲ್ಲಿ ಫ್ಲಾರೆನ್ಸಿನಲ್ಲಿ ಇದ್ದದ್ದು ಬರೀ ಮೂರು ಗಂಟೆ. “ಗಯಟೆಗೇ ಮೂರು ಗಂಟೆ ಸಾಕಾಯ್ತು. ನಾವು ಅವನಿಗಿಂತ ದೊಡ್ಡವರಾ?” ಇದಕ್ಕೆ ಮಗಳು ವಿಡಿಯೊ ಕಾಲಿನಲ್ಲೇ ಸ್ತೆಂದಾಲ್‌ನನ್ನು ಎದುರಿಗೆ ನಿಲ್ಲಿಸಿದಳು. ಆ ಫ್ರೆಂಚ್ ಲೇಖಕ ಅದೇ ಊರಿನ ಸಾಂತಾ ಕ್ರೋಚೆ ಚರ್ಚಿನಿಂದ ಹೊರಬರುವಾಗ ಎದೆ ಡವಗುಟ್ಟಿ, ಬಿದ್ದೇಬಿಡುತ್ತೇನೆಂದು ಹೆದರಿದ್ದನ್ನು ತಾನೇ ಬರೆದಿದ್ದಾನೆ. ಕಲಾಕೃತಿಗಳ ಮುಂದೆ ತಲೆಸುತ್ತುವುದಕ್ಕೆ ಅವನ ಹೆಸರೇ ನಿಂತಿದೆ. ರಾಯರು ಗಾಬರಿಯಾಗಿ ಬಿಪಿ ಮಾತ್ರೆಯ ಲೆಕ್ಕ ಹಾಕಿದರು. ವ್ಯಾಜ್ಯ ಮುಗಿಸಿದ್ದು ಮನೆಯವರು: “ಗಯಟೆ ರೋಮಿಗೆ ಹೋಗಿ ಎಷ್ಟು ದಿನ ಇದ್ದ?” ಎರಡು ಸಲ ಸೇರಿ ವರ್ಷಕ್ಕೂ ಮೇಲೆ. “ಅವನಿಗೆ ವೀಸಾ ತಂಟೆ ಇರ್ಲಿಲ್ಲ, ರಿಟರ್ನ್ ಟಿಕೆಟ್ಟೂ ಇರ್ಲಿಲ್ಲ. ಫ್ಲಾರೆನ್ಸಿಗೆ ಎರಡು ರಾತ್ರಿ ಹಾಕಿ.”

ಎರಡು ರಾತ್ರಿ ಹಾಕಿದ್ದನ್ನು ರಾಯರು ‘ಮೂರು ದಿನ’ ಎಂದು ಓದಿಕೊಳ್ಳುತ್ತಾರೆ. ಈ ಜಾತಿಯ ಯೋಜಕರೆಲ್ಲರ ಕಣ್ಕಟ್ಟು ಇದೇ. ಹೋಟೆಲಿನವರು ಕೋಣೆ ಕೊಡುವುದು ಮಧ್ಯಾಹ್ನ ಮೂರಕ್ಕೆ, ಬಿಡಿಸುವುದು ಬೆಳಗ್ಗೆ ಹನ್ನೊಂದಕ್ಕೆ. ಬಂದ ದಿನ ಅರ್ಧ ಹೋಯಿತು, ಹೊರಡುವ ದಿನ ಅರ್ಧ ಹೋಯಿತು. ಫ್ಲಾರೆನ್ಸಿನಿಂದ ವೆನಿಸ್ಸಿಗೆ ವೇಗದ ರೈಲಿನಲ್ಲಿ ಎರಡೂಕಾಲು ಗಂಟೆ ಎಂದು ಹಾಳೆ ಹೇಳುತ್ತದೆ. ಪೆಟ್ಟಿಗೆ ಕಟ್ಟುವುದು, ಪ್ಲಾಟ್‌ಫಾರ್ಮ್ ಹುಡುಕುವುದು, ಪಾಸ್‌ಪೋರ್ಟ್ ಕಾಣದೆ ಮತ್ತೆ ಪೆಟ್ಟಿಗೆ ಬಿಚ್ಚುವುದು, ಇವಕ್ಕೆ ಕಾಲಂ ಇಲ್ಲ.

ವೆನಿಸ್ಸಿನದೇ ಬೇರೆ ಕತೆ. ಹಗಲು ಬಂದು ಸಂಜೆ ಹೋಗುವ ಪ್ರವಾಸಿಗಳಿಂದ ಅಲ್ಲಿ 2024ರಿಂದ ಋತುವಿನ ಕೆಲವು ದಿನ ಪ್ರವೇಶ ಶುಲ್ಕ ತೆಗೆದುಕೊಳ್ಳುತ್ತಿದ್ದಾರೆ. ಮುಂಚೆ ಕಟ್ಟಿದರೆ 5 ಯೂರೊ. ರಾತ್ರಿ ತಂಗುವವರಿಗೆ ಮಾಫಿ. ಇಬ್ಬರಿಗೆ ಹತ್ತು ಯೂರೊ ಉಳಿಸಲು ರಾಯರು ಅದರ ಹದಿನೈದು ಪಟ್ಟಿನ ಕೋಣೆಯನ್ನು ಬುಕ್ ಮಾಡಹೊರಟಿದ್ದರು. ಮನೆಯವರು ಪಟ ನೋಡಿ ತಡೆದರು. ನಾನೂರಕ್ಕೂ ಮೇಲೆ ಸೇತುವೆಗಳಿರುವ ಊರು. ಬಹುಪಾಲಿಗೆ ಮೆಟ್ಟಿಲು. “ಸೂಟ್‌ಕೇಸಿಗೆ ಚಕ್ರ ಇದೆ ಅಂತೀರಿ ನೀವು. ಸೇತುವೆಗೆ ಮೆಟ್ಟಿಲಿದೆ ಅಂತೀನಿ ನಾನು.” ಕೊನೆಗೆ ದಡದ ಮೇಲಿನ ಮೆಸ್ತ್ರೆಯಲ್ಲಿ ಒಂದು ರಾತ್ರಿ ಎಂದಾಯಿತು. ಅದೂ ವೆನಿಸ್ ನಗರಸಭೆಗೇ ಸೇರಿದ್ದರಿಂದ ಶುಲ್ಕವಿಲ್ಲ, ರೈಲಿನಲ್ಲಿ ಹತ್ತು ನಿಮಿಷ. ಆ ರಾತ್ರಿ ರಾಯರು ಪಾಯಸ ಕೇಳಿ ಮಾಡಿಸಿಕೊಂಡರು.

ಸ್ವಿಟ್ಜರ್ಲೆಂಡಿನ ಇಂಟರ್‌ಲಾಕನ್‌ಗೆ ಮೂರು ರಾತ್ರಿ ಯಾಕೆ ಎಂದು ಕೇಳಿದರೆ ಕ್ಯಾಮೆರಾ ತೋರಿಸುತ್ತಾರೆ. 3,454 ಮೀಟರ್ ಎತ್ತರದ ಯುಂಗ್‌ಫ್ರಾವ್‌ಯೋಕ್‌ಗೆ 1912ರಿಂದ ರೈಲು ಓಡುತ್ತಿದೆ. ಕೆಳಗಿನಿಂದ ಹೋಗಿ ಬರಲು ರಿಯಾಯಿತಿಯಿಲ್ಲದ ಟಿಕೆಟ್ 200 ಫ್ರಾಂಕ್ ದಾಟುತ್ತದೆ. ಅಷ್ಟು ಕೊಟ್ಟು ಹೋದ ಮೇಲೆ ಮೋಡ ಕವಿದರೆ? ಮೇಲಿನ ದೃಶ್ಯ ಕ್ಯಾಮೆರಾದಲ್ಲಿ ನೇರವಾಗಿ ಬರುತ್ತದೆ. ಹಾಗಾಗಿ ರಾಯರು ಚಳಿಗಾಲವಿಡೀ ಮಧ್ಯಾಹ್ನ ಹನ್ನೆರಡೂವರೆಗೆ, ಅಂದರೆ ಅಲ್ಲಿನ ಬೆಳಗಿನ ಎಂಟಕ್ಕೆ, ಊಟದ ತಟ್ಟೆ ಹಿಡಿದೇ ಪರದೆ ನೋಡಿ ‘ಮೋಡ’, ‘ನಿಚ್ಚಳ’ ಎಂದು ಬರೆದರು. ಮೂರಕ್ಕೊಂದು ನಿಚ್ಚಳ, ಆದ್ದರಿಂದ ಮೂರು ರಾತ್ರಿ. ಈ ಅಂಕಿಯೆಲ್ಲ ಚಳಿಗಾಲದ್ದು, ಹೋಗುವುದು ಜೂನ್‌ನಲ್ಲಿ ಎಂದು ಮಗಳು ಹೇಳಿದ್ದಕ್ಕೆ ಒಂದು ದಿನ ಮಾತು ಬಿಟ್ಟಿದ್ದರು.

ಕೊನೆಗೂ ಪಟ್ಟಿ ನಿಂತಿತು: ಪ್ಯಾರಿಸ್ 4, ಮಗಳ ಐಂಡ್‌ಹೋವನ್ 5, ಇಂಟರ್‌ಲಾಕನ್ 3, ಮೆಸ್ತ್ರೆ 1, ಫ್ಲಾರೆನ್ಸ್ 2, ರೋಮ್ 3. ಆಗ ವೀಸಾ ಅಡ್ಡ ಬಂತು. ಶೆಂಗೆನ್ ವೀಸಾಕ್ಕೆ ಅತಿ ಹೆಚ್ಚು ದಿನ ತಂಗುವ ದೇಶದ ಮುಂದೆ ಅರ್ಜಿ ಹಾಕಬೇಕು, ಸಮವಾದರೆ ಮೊದಲು ಕಾಲಿಡುವ ದೇಶಕ್ಕೆ. ಲೆಕ್ಕ ಊರಿನದಲ್ಲ, ದೇಶದ್ದು. ಮಗಳ ಆಹ್ವಾನ ಪತ್ರ ಬಂದಿರುವುದು ನೆದರ್‌ಲೆಂಡ್ಸ್‌ನಿಂದ, ಕೂಡಿಸಿದರೆ ಇಟಲಿ ಆರಾಗಿ ಮುಂದಿದೆ! ಎರಡೂವರೆ ಸಾವಿರ ವರ್ಷಗಳ ರೋಮಿನಿಂದ ಒಂದು ರಾತ್ರಿ ಕಿತ್ತು ಐಂಡ್‌ಹೋವನ್‌ಗೆ ಅಂಟಿಸಲಾಯಿತು. “ಅಲ್ಲಿ ಆರನೇ ದಿನ ಏನ್ ನೋಡ್ತೀರಿ?” ಎಂದು ಮನೆಯವರು ಕೇಳಿದರು. ರಾಯರು ಸಿದ್ಧರಾಗಿದ್ದರು. ಶೆಂಗೆನ್ ಎಂಬುದು ಲಕ್ಸೆಂಬರ್ಗಿನ ಮೊಸೆಲ್ ನದಿದಡದ ಒಂದು ಹಳ್ಳಿ, 1985ರ ಜೂನ್ 14ರಂದು ಒಪ್ಪಂದಕ್ಕೆ ಸಹಿ ಬಿದ್ದದ್ದು ಅಲ್ಲೇ, ಅಳಿಯನ ಕಾರಿನಲ್ಲಿ ಬೆಳಗ್ಗೆ ಹೋಗಿ ರಾತ್ರಿ ಬರಬಹುದು. ಮೇಲಾಗಿ 2020ರಿಂದ ಆ ದೇಶದಲ್ಲಿ ಬಸ್ಸು, ಟ್ರಾಮು, ರೈಲು ಎಲ್ಲ ಉಚಿತ.

“ವೀಸಾದ ಹುಟ್ಟೂರನ್ನೂ ನೋಡ್ಬೇಕೇನ್ರೀ? ಕಾರಲ್ಲಿ ಹೋಗೋರಿಗೆ ಬಸ್ಸು ಉಚಿತವಾದ್ರೇನು?”

ಅದೂ ಸೇರಿತು. ಹಾಳೆ ಅಚ್ಚಾಗಿ, ವಿಮೆ, ಬ್ಯಾಂಕ್ ಪುಸ್ತಕ, ಫೋಟೊಗಳ ಜೊತೆ ಫೈಲಿನೊಳಗೆ ಹೋಯಿತು. ರಾಯರು ಸಮಾಧಾನದಿಂದ ಅದರ ಪಟವನ್ನು ಕುಟುಂಬದ ಗುಂಪಿಗೆ ಹಾಕಿದರು. ಹತ್ತು ನಿಮಿಷಕ್ಕೆ ಶಿವಮೊಗ್ಗದಿಂದ ಬಾಮೈದನ ಸಂದೇಶ: “ಭಾವ, ಪ್ರಾಗ್ ಬಿಟ್ಟಿದ್ದೀರಲ್ಲ? ಅಷ್ಟು ದೂರ ಹೋಗಿ!”

ಲ್ಯಾಪ್‌ಟಾಪ್ ಮತ್ತೆ ತೆರೆಯಿತು. ಪ್ರಾಗಿನ ಖಗೋಳ ಗಡಿಯಾರ 1410ರದ್ದಂತೆ, ಗಂಟೆಗೊಮ್ಮೆ ಬೊಂಬೆಗಳು ಬರುತ್ತವಂತೆ, ಒಂದೇ ರಾತ್ರಿ ಸಾಕಂತೆ.

“ಲೇ, ಫ್ಲಾರೆನ್ಸಿಗೆ ಎರಡು ಜಾಸ್ತಿ ಆಯ್ತೇನೋ.”

“ಫ್ಲಾರೆನ್ಸ್ ಮುಟ್ಟಿದ್ರೆ ನಾನು ಸಾಗರಕ್ಕೆ ಹೋಗ್ತೀನಿ. ಬೇಕಾದ್ರೆ ನಿಮ್ಮ ಆ ಮೋಡದಲ್ಲಿ ಒಂದು ದಿನ ಕಿತ್ಕೊಳ್ಳಿ.”