ಆಕ್ಸ್ ಭಾವ

ಕಾರು ಹತ್ತಿದ ಕೂಡಲೇ ಸೀಟ್ ಬೆಲ್ಟ್ ಹಾಕಿಕೊಳ್ಳಿ ಎನ್ನುವವರು ಬೇರೆ, ಕೈಗೊಂದು ವೈರ್ ಕೊಟ್ಟು "ಇದನ್ನ ಸ್ವಲ್ಪ ಎಡಕ್ಕೆ ಒತ್ತಿ ಹಿಡ್ಕೊ, ಬಿಡಬೇಡ" ಎನ್ನುವವರು ಬೇರೆ. ನಾನು ಹೇಳಹೊರಟಿರುವುದು ಎರಡನೆಯವರ ವಿಷಯ. ಹೊಸ ಕಾರು ಕೊಳ್ಳುವ ಶಕ್ತಿ ಇವರಿಗೆ ಇಲ್ಲದಿಲ್ಲ. ಆದರೆ ಇರುವ ಹಳೇ ಗಾಡಿಯ ಹಳೇ ಸ್ಟೀರಿಯೊದಲ್ಲೇ ಮೊಬೈಲಿನ ಹಾಡು ಕೇಳಿಸಬೇಕೆಂಬ ಛಲ. ಜೇಬಿನಲ್ಲಿ ಪೆನ್ನಿನ ಪಕ್ಕ ಟೆಸ್ಟರ್ ಇರುತ್ತದೆ. ಗ್ಲೋವ್ ಬಾಕ್ಸ್ ತೆಗೆದರೆ ಗಾಡಿಯ ಕಾಗದಪತ್ರಗಳ ಬದಲು ಪಿನ್ನು, ಜ್ಯಾಕು, ಇನ್ಸುಲೇಶನ್ ಟೇಪು ಕಾಲ ಮೇಲೆ ಸುರಿಯುತ್ತವೆ.

ಆ ವೈರನ್ನು ಎಡಕ್ಕೆ ಒತ್ತಿ ಹಿಡಿದೇ ನಾನು ಹಳೇ ಮೈಸೂರು ಸೀಮೆಯ ಬಹುಭಾಗವನ್ನು ನೋಡಿದ್ದೇನೆ. ನಮ್ಮ ಭಾವ ಈ ಪೈಕಿಯವರು. ಅವರದು 2003ರ ಎಸ್ಟೀಮ್. ಹದಿನೈದು ವರ್ಷ ತುಂಬಿದ ಮೇಲೆ ಆರ್‌ಟಿಓದಲ್ಲಿ ಎಫ್‌ಸಿ ಮಾಡಿಸಿ, ಹಸಿರು ತೆರಿಗೆ ಕಟ್ಟಿ, ಮತ್ತೆ ಆಯುಸ್ಸು ಬರೆಸಿಕೊಂಡು ಬಂದಿರುವ ಗಾಡಿ. ಅದರಲ್ಲಿರುವುದು ಕ್ಯಾಸೆಟ್ ಡೆಕ್.

ಮೊದಲು ಬಂದದ್ದು ಕ್ಯಾಸೆಟ್ ಅಡಾಪ್ಟರ್. ನೋಡಲು ಕ್ಯಾಸೆಟ್ಟೇ, ಆದರೆ ಒಳಗೆ ಟೇಪ್ ಇಲ್ಲ. ಪುಟ್ಟ ಹೆಡ್ ಒಂದಿದೆ, ಹೊಟ್ಟೆಯಿಂದ ಬಾಲದಂತೆ ವೈರ್ ಹೊರಟಿದೆ. ಫೋನಿನ ಹಾಡು ಆ ಹೆಡ್ಡಿನಲ್ಲಿ ಕಾಂತಕ್ಷೇತ್ರವಾಗಿ ಅಲುಗುತ್ತದೆ, ಎದುರಿಗಿರುವ ಡೆಕ್ಕಿನ ಹೆಡ್ಡು ಅದನ್ನೇ ಟೇಪ್ ಎಂದು ನಂಬಿ ಓದುತ್ತದೆ. ಉಪಾಯ ಚೆನ್ನಾಗಿಯೇ ಇದೆ. ಆದರೆ ಭಾವನ ಡೆಕ್ಕು ಆಟೋ ರಿವರ್ಸ್. ಒಳಗೇನೋ ಮೋಸವಿದೆ ಎಂದು ಅದಕ್ಕೆ ಆಗಾಗ ಗುಮಾನಿ ಬಂದು, ಟಕ್ ಎಂದು ಬದಿ ಬದಲಿಸುತ್ತಿತ್ತು. ಹಾಡು ನಿಲ್ಲುತ್ತಿತ್ತು. ಒಳಗಿನ ಹಲ್ಲುಚಕ್ರಗಳ ಕರಕರ ಮಾತ್ರ ನಿಲ್ಲುತ್ತಿರಲಿಲ್ಲ.

ಆಮೇಲೆ ಬಂದದ್ದು ಎಫ್ಎಂ ಟ್ರಾನ್ಸ್‌ಮಿಟರ್. ಇದರ ಕಥೆಯನ್ನು ಸ್ವಲ್ಪ ವಿವರವಾಗಿ ಹೇಳದಿದ್ದರೆ ನನಗೆ ಸಮಾಧಾನವಿಲ್ಲ. ಸಿಗರೇಟ್ ಲೈಟರಿನ ತೂತಿಗೆ ಸಿಕ್ಕಿಸುವ ಸಾಮಾನು ಅದು. ನಿಮ್ಮ ಕಾರೊಳಗೇ ಒಂದು ಪುಟಾಣಿ ರೇಡಿಯೊ ಸ್ಟೇಷನ್ ತೆರೆಯುತ್ತದೆ. ಖಾಲಿ ಇರುವ ಒಂದು ನಂಬರು ಹುಡುಕಿ, ರೇಡಿಯೊವನ್ನೂ ಅದಕ್ಕೇ ತಿರುಗಿಸಿದರೆ ಆಯಿತು. ಆದರೆ ಬೆಂಗಳೂರಿನ ಎಫ್ಎಂನಲ್ಲಿ ಖಾಲಿ ನಂಬರು ಹುಡುಕುವುದೂ ಜಯನಗರದಲ್ಲಿ ಖಾಲಿ ಸೈಟು ಹುಡುಕುವುದೂ ಒಂದೇ. 2001ರಲ್ಲಿ ದೇಶದ ಮೊದಲ ಖಾಸಗಿ ಎಫ್ಎಂ ಶುರುವಾದದ್ದೇ ಈ ಊರಲ್ಲಿ. ಆಮೇಲೆ ಬಂದವರು ಒಬ್ಬೊಬ್ಬರೇ ಜಾಗ ಹಿಡಿದರು. 101.3, 102.9 ಎರಡೂ ಆಕಾಶವಾಣಿಯ ಖಾತೆಯಲ್ಲಿ. ಭಾವ ಕೊನೆಗೆ 87.5ರಲ್ಲಿ, ಬ್ಯಾಂಡಿನ ತೀರಾ ಅಂಚಿನಲ್ಲಿ, ಬಿಡಾರ ಹೂಡಿದರು.

ಮೈಸೂರಿನಲ್ಲೊಂದು ಮದುವೆ. ಎಕ್ಸ್‌ಪ್ರೆಸ್‌ವೇ ಆಗುವುದಕ್ಕೆ ಮುಂಚಿನ ಮಾತು. ಕೆಂಗೇರಿ ಸಿಗ್ನಲ್ಲಿನಲ್ಲಿ ನಿಂತಿದ್ದೆವು; ಭೀಮಸೇನ ಜೋಶಿಯವರ ದಾಸರಪದ ನಡೆದಿತ್ತು. ಇದ್ದಕ್ಕಿದ್ದಂತೆ ಜೋಶಿಯವರು ಮಾಯವಾಗಿ, ಒಬ್ಬ ಗಂಡಸು ಶನಿಯ ಸಾಡೇಸಾತಿ ಬಗ್ಗೆ ಗಂಭೀರವಾಗಿ ಮಾತಾಡತೊಡಗಿದ. ಹಿಂದಿನ ಸೀಟಿನಿಂದ ಅಕ್ಕ, "ನಿಮ್ಮ ರಾಶಿಯದೇ ಬಂತು ನೋಡ್ರೀ" ಎಂದಳು. ಭಾವ ಕಿವಿಗೆ ಹಾಕಿಕೊಳ್ಳಲಿಲ್ಲ. ಅಕ್ಕಪಕ್ಕದ ಗಾಡಿಗಳನ್ನು ಪತ್ತೇದಾರನ ಕಣ್ಣಿನಿಂದ ನೋಡಿ, ಬಲಗಡೆಯ ಹಳೇ ಸ್ಯಾಂಟ್ರೊದ ಕಡೆಗೆ ಕಿಟಕಿ ಇಳಿಸಿದರು.

"ಸ್ವಾಮಿ, ತಾವು ಎಷ್ಟರಲ್ಲಿದೀರಿ?"

ಸ್ಯಾಂಟ್ರೊದವರು ಗಾಬರಿಯಾಗಲಿಲ್ಲ. "87.5. ಯಾಕೆ, ನಿಮ್ಮದೂ ಅದೇನಾ? ಅದಕ್ಕೇ ನಮಗೆ ಸುಪ್ರಭಾತದ ಥರ ಏನೋ ಬರ್ತಿದೆ!"

"ಸುಪ್ರಭಾತ ಅಲ್ಲ ಸ್ವಾಮಿ, ಜೋಶಿಯವರು."

ಅಷ್ಟರಲ್ಲಿ ಹಸಿರು ದೀಪ ಬಿತ್ತು. ಹಿಂದಿನವರೆಲ್ಲ ಹಾರ್ನ್ ಹೊಡೆಯುತ್ತಿದ್ದರೂ ಇಬ್ಬರೂ ಒಂದೇ ವೇಗದಲ್ಲಿ ಅಕ್ಕಪಕ್ಕ ಹೋಗುತ್ತ ಮಾತು ಮುಂದುವರಿಸಿದರು. ಯಾವ ಅಂಗಡಿಯಲ್ಲಿ ತಗೊಂಡಿರಿ, ಎಷ್ಟು ಕೊಟ್ಟಿರಿ, ಬಾಸ್ ಬರುತ್ತಾ. "ತಾವು ಹಿರಿಯರು, 87.5 ತಾವೇ ಇಟ್ಕೊಳ್ಳಿ, ನಾನು 88.1ಕ್ಕೆ ಹೋಗ್ತೀನಿ" ಎಂದು ಭಾವ ಉದಾರವಾಗಿ ಬಿಟ್ಟುಕೊಟ್ಟರು. ಬಿಡದಿಯಲ್ಲಿ ತಟ್ಟೆ ಇಡ್ಲಿಗೆ ನಿಂತರೆ ಆ ಸ್ಯಾಂಟ್ರೊವೂ ಅಲ್ಲೇ! ಇಬ್ಬರೂ ಇಡ್ಲಿ ಬಿಟ್ಟು ಬಾನೆಟ್ ತೆಗೆದು ನಿಂತರು. ಮುಹೂರ್ತ ಯಾರಿಗೂ ನೆನಪಿರಲಿಲ್ಲ, ಅಕ್ಕನಿಗೊಬ್ಬಳಿಗೆ ಬಿಟ್ಟು.

ರಾಮನಗರದ ಬಂಡೆಗಳ ನಡುವೆ 88.1ರಲ್ಲಿ ಕೊರಕೊರ ಶುರುವಾಗಿ, ಭಾವ ಹುಡುಕುತ್ತ ಹುಡುಕುತ್ತ 100.6ಕ್ಕೆ ಬಂದರು. ಅಲ್ಲಿ ನಿಶ್ಶಬ್ದ. "ನೋಡು, ಹೇಗಿದೆ! ಸ್ಟುಡಿಯೊ ಕ್ವಾಲಿಟಿ" ಎಂದರು. ಮಂಡ್ಯ ಹತ್ತಿರವಾದಂತೆ ಜೋಶಿಯವರ ಆಲಾಪದ ಅಡಿಯಿಂದ ಯಾರೋ ತೆಂಗಿನ ನುಸಿಪೀಡೆಯ ಬಗ್ಗೆ ಸಣ್ಣಗೆ ಹೇಳುವುದು ಕೇಳಿಸಿತು. ಶ್ರೀರಂಗಪಟ್ಟಣದ ಹೊತ್ತಿಗೆ ನುಸಿಪೀಡೆಯೇ ಪೂರ್ತಿ, ಜೋಶಿಯವರಿಲ್ಲ. 100.6 ಮೈಸೂರು ಆಕಾಶವಾಣಿಯದು. ಪ್ರೊ. ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಲ್ಲೇ ಬಾನುಲಿ ಶುರು ಮಾಡಿದ ಊರು ಅದು. ಸಿಗರೇಟ್ ಲೈಟರಿನ ತೂತಿನಲ್ಲಿ ಕೂತ ಸ್ಟೇಷನ್ನು ಅಲ್ಲಿ ಗೆಲ್ಲುವುದುಂಟೆ? "ಇದೇ ಚೆನ್ನಾಗಿದೆ, ಇರಲಿ ಬಿಡಿ. ನಮ್ಮ ತೋಟಕ್ಕೂ ಬೇಕು" ಎಂದಳು ಅಕ್ಕ. ಭಾವ ಮದುವೆ ಮನೆಯಲ್ಲಿ ಯಾರ ಹತ್ತಿರವೂ ಸರಿಯಾಗಿ ಮಾತಾಡಲಿಲ್ಲ.

ಜೆ.ಸಿ. ರೋಡಿನ ಕಾರ್ ಸ್ಟೀರಿಯೊ ಅಂಗಡಿಯ ಹುಡುಗ ಕೈಮುಗಿದು ಹೇಳಿದ್ದಾನೆ: "ಸಾರ್, ಡೆಕ್ಕೇ ಚೇಂಜ್ ಮಾಡ್ಬಿಡಿ. ಬ್ಲೂಟೂತ್ ಇರೋದು ಹಾಕ್ಕೊಡ್ತೀನಿ, ಅದೇ ಜಾಗಕ್ಕೆ ಕೂರುತ್ತೆ." ಕೂರುತ್ತದೆ, ನಿಜ. 180 ಮಿಲಿಮೀಟರ್ ಅಗಲ, 50 ಎತ್ತರದ ಆ ಕಂಡಿ ಹಳೇ ಕಾರುಗಳಿಗೆಲ್ಲ ಬಹುಪಾಲು ಒಂದೇ ಅಳತೆ. ಭಾವ ಒಪ್ಪಲಿಲ್ಲ. ಅದೇ ಹುಡುಗನಿಂದ ಡೆಕ್ ಬಿಚ್ಚಿಸಿ, ಹಿಂದಿನಿಂದ ಆಕ್ಸ್ ವೈರ್ ಎಳೆಸಿ, ಡ್ಯಾಶ್‌ಬೋರ್ಡಿಗೆ ತೂತು ಕೊರೆಸಿದರು. ಈಗ ಹಾಡು ಸ್ವಚ್ಛವಾಗಿ ಬಂತು, ಫೋನ್ ಚಾರ್ಜಿಗೆ ಹಾಕುವವರೆಗೆ. ಹಾಕಿದ ತಕ್ಷಣ ಕುಂಯ್ ಎಂಬ ಶ್ರುತಿ. ಆಕ್ಸಿಲರೇಟರ್ ಒತ್ತಿದಷ್ಟೂ ಅದು ಮೇಲೇರುತ್ತದೆ.

"ಕೇಳಿಸ್ತಾ? ಆಲ್ಟರ್ನೇಟರ್!" ಎಂದು ಭಾವ ಹಿಗ್ಗಿದರು. ಚಾರ್ಜರಿನ ಕಡೆಯಿಂದೊಂದು ಅರ್ಥ್, ಸ್ಟೀರಿಯೊದ ಕಡೆಯಿಂದೊಂದು ಅರ್ಥ್. ಎರಡೂ ಸೇರಿ ಬಳಸು ದಾರಿಯಾಗಿ ಕರೆಂಟು ಸುತ್ತುತ್ತದೆ, ಅದೇ ಸದ್ದು. ಪರಿಹಾರಕ್ಕೆ ಎಸ್.ಪಿ. ರೋಡಿನಿಂದ ಒಂದು ಡಬ್ಬಿ ತಂದರು. ಒಳಗೆ ಬೆರಳ ತುದಿಯಷ್ಟಿರುವ ಎರಡು ಟ್ರಾನ್ಸ್‌ಫಾರ್ಮರ್. ತಾಮ್ರಕ್ಕೆ ತಾಮ್ರ ತಾಗುವುದಿಲ್ಲ, ಹಾಡು ಮಾತ್ರ ಕಾಂತದ ಮೂಲಕ ದಾಟುತ್ತದೆ. ಇದನ್ನು ನನಗೆ ಊಟದ ಎಲೆಯ ಮುಂದೆ, ಉಪ್ಪು ಉಪ್ಪಿನಕಾಯಿ ಸಾಕ್ಷಿಯಾಗಿ ವಿವರಿಸಿದ್ದಾರೆ. ಪರಿಣಾಮ ಏನೆಂದರೆ, ಈಗ ಯಾವ ಟ್ಯಾಕ್ಸಿ ಹತ್ತಿದರೂ ನನ್ನ ಕಿವಿಗೆ ಹಾಡಿಗಿಂತ ಮೊದಲು ಆಲ್ಟರ್ನೇಟರ್ ಬೀಳುತ್ತದೆ. ಡ್ರೈವರಿಗೆ ಅರ್ಥಿಂಗ್ ಬಗ್ಗೆ ಸಲಹೆ ಕೊಡುವ ಮಟ್ಟಕ್ಕೆ ನಾನೂ ಬಂದಿದ್ದೇನೆ.

ಇನ್ನೂ ಹೇಳಬಹುದು. ಫೋನಿನ ವಾಲ್ಯೂಮ್ ಮುಕ್ಕಾಲಿಗಿಂತ ಹೆಚ್ಚಿರಬಾರದೆಂಬ ಶಾಸ್ತ್ರ, ಆಲಾಪದ ನಡುವೆ ಬಲಕ್ಕೆ ತಿರುಗಿ ಎನ್ನುವ ಮ್ಯಾಪಿನ ಹೆಂಗಸು, ಸ್ಪೀಕರಿನಲ್ಲಿ ಇಡೀ ಸಂಸಾರಕ್ಕೆ ಕೇಳಿಸಿದ ಚೀಟಿ ದುಡ್ಡಿನ ಫೋನ್ ಕಾಲು. ಅಕ್ಕ ಯಾವುದಕ್ಕೂ ಜಗ್ಗುವವಳಲ್ಲ. ಟ್ರಂಕ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವಳು. ಈ ಆಕ್ಸ್ ಪಿನ್ನಿನ ಮುತ್ತಾತ ಅದೇ ಟೆಲಿಫೋನ್ ಬೋರ್ಡಿನ ದಪ್ಪ ಪಿನ್ನು. "ನಾನು ದಿನವಿಡೀ ಚುಚ್ಚಿ ತೆಗೀತಿದ್ದೆ. ಒಂದು ದಿನಾನೂ ಇಷ್ಟು ಸಂಭ್ರಮ ಪಡಲಿಲ್ಲಮ್ಮ" ಎನ್ನುತ್ತಾಳೆ.

ಡೆಕ್ ಯಾಕೆ ಬಿಡುವುದಿಲ್ಲ ಎಂಬುದು ನನಗೆ ಬಹಳ ತಡವಾಗಿ ತಿಳಿಯಿತು. ಲಗ್ನಪತ್ರಿಕೆಯಾದ ಮೇಲೆ ಭಾವ ಅಕ್ಕನಿಗೆ ಒಂದು ಸಿಕ್ಸ್‌ಟಿ ಕ್ಯಾಸೆಟ್ ಕೊಟ್ಟಿದ್ದರು. ಹಾಡುಗಳ ಪಟ್ಟಿ ಬರೆದುಕೊಟ್ಟರೆ ಅಂಗಡಿಯವನು ರೆಕಾರ್ಡ್ ಮಾಡಿಕೊಡುತ್ತಿದ್ದ ಕಾಲ. ಬದಿಗೆ ಮೂವತ್ತು ನಿಮಿಷ. ಪಟ್ಟಿಯಲ್ಲಿ ಭಾವ ಆಸೆಗೆ ಒಂದು ಹಾಡು ಹೆಚ್ಚಿಗೆ ಬರೆದಿದ್ದರು. ಬಿ ಬದಿಯ ಕೊನೆಯ ಪಿ.ಬಿ. ಶ್ರೀನಿವಾಸರ ಹಾಡು ಎರಡನೇ ಚರಣದ ನಡುವೆ ಟೇಪ್ ಮುಗಿದು ಕಟ್ಟಾಗಿದೆ. ಈಗ ಫೋನಿನಲ್ಲಿ ಅದು ಪೂರ್ತಿ ಸಿಗುತ್ತದೆ. ಆದರೆ ಜೊತೆಗೆ ಗುನುಗುತ್ತಿರುವ ಇಬ್ಬರೂ ಸರಿಯಾಗಿ ಅದೇ ಜಾಗಕ್ಕೆ ಬಂದು ನಿಲ್ಲಿಸಿಬಿಡುತ್ತಾರೆ. ಶ್ರೀನಿವಾಸರು ಮುಂದೆ ಒಬ್ಬರೇ ಹಾಡಿಕೊಂಡು ಹೋಗುತ್ತಾರೆ. ವೈರ್ ಹಿಡಿದುಕೊಂಡು ಕೂತ ನನಗೆ ಆಗ ಏನು ಮಾಡಬೇಕೋ ತೋಚುವುದಿಲ್ಲ.

ಹೋದ ತಿಂಗಳು ನಾನು ಹೊಸ ಕಾರು ತೆಗೆದುಕೊಂಡೆ. ಬಾಗಿಲು ಮುಚ್ಚುವ ಮುನ್ನವೇ ಫೋನ್ ತಾನಾಗಿ ಜೋಡಿಕೊಂಡು ಹಾಡು ಶುರುವಾಗುತ್ತದೆ. ಭಾವ ಒಳಗೆ ಕೂತು ಸ್ಕ್ರೀನಿನ ಸುತ್ತ, ಕೆಳಗೆ, ಗೇರಿನ ಹತ್ತಿರ ಬೆರಳಾಡಿಸಿ ತಡಕಿದರು.

"ಇದಕ್ಕೆ ತೂತೇ ಇಲ್ಲವಲ್ಲಯ್ಯ?"

"ಬೇಕಾಗಿಲ್ಲ ಭಾವ. ಎಲ್ಲಾ ಬ್ಲೂಟೂತು."

"ಪಾಪ" ಎಂದರು. ಆಮೇಲೆ ಸ್ವಲ್ಪ ಹೊತ್ತು ಯೋಚಿಸಿ, ಜೇಬಿನಿಂದ ಟೆಸ್ಟರ್ ತೆಗೆದು ಡ್ಯಾಶ್‌ಬೋರ್ಡನ್ನು ಅಲ್ಲಲ್ಲಿ ತಟ್ಟಿ ನೋಡತೊಡಗಿದರು. "ಇಲ್ಲಿ ಹಿಂದೆ ಜಾಗ ಇದೆ. ನಾಳೆ ಬೆಳಿಗ್ಗೆ ಜೆ.ಸಿ. ರೋಡಿಗೆ ಹೋಗೋಣ."

ಗೇಟಿನಿಂದಲೇ ಅಕ್ಕ ಕೂಗಿದಳು: "ರೀ, ಅದು ವಾರಂಟಿಯಲ್ಲಿರೋ ಗಾಡಿ, ಕೈ ತೆಗೀರಿ!"