ಮಡಿಯುಟ್ಟ ಪೈಥಾನ್

ಅಜ್ಜಿಯ ಮಡಿಯನ್ನು ಕಂಡು ನಕ್ಕವನು ನಾನು. ಆ ಪಾಪಕ್ಕೆ ಈಗ ಪೈಥಾನ್ ಪ್ರಾಯಶ್ಚಿತ್ತ ಮಾಡಿಸುತ್ತಿದೆ. ಒಂದು ಪ್ರಾಜೆಕ್ಟಿಗೆ ಜ್ಯಾಂಗೋ 3.2 ಬೇಕು, ಪಕ್ಕದ್ದಕ್ಕೆ 5.0 ಆಗಬೇಕು, ಒಂದೇ ಒಲೆಯಲ್ಲಿ ಇಬ್ಬರಿಗೂ ಬೇಯುವುದಿಲ್ಲ. ಅದಕ್ಕೇ ವೆನ್ವ್ ಎಂಬ ಮಡಿಕೋಣೆ. 2012ರಲ್ಲಿ ಬಂದ ಪೈಥಾನ್ 3.3ರಿಂದ ಅದು ಮನೆಯೊಳಗೇ ಇದೆ. ಕಟ್ಟುವುದು ಒಂದೇ ಸಾಲಿನ ಕೆಲಸ. ಆದರೆ ಕೈಹಚ್ಚುವ ಮುಂಚೆ ‘ಆ್ಯಕ್ಟಿವೇಟ್’ ಎಂದು ಮಡಿಯುಡಬೇಕು. ನಾನು ಮರೆಯುವುದು ಅದನ್ನೇ.

ಮೊನ್ನೆ ರಾತ್ರಿ ಮೈಲಿಗೆಯಲ್ಲೇ ಪಿಪ್ ಓಡಿಸಿದೆ. ಈ ಪರಿಸರಕ್ಕೆ ಬೇರೆ ಯಜಮಾನರಿದ್ದಾರೆ ಎಂದು ಲ್ಯಾಪ್‌ಟಾಪ್ ಹೊಸ್ತಿಲಲ್ಲೇ ತಡೆಯಿತು. ಹಟವಿದ್ದರೆ ‘ಬ್ರೇಕ್ ಸಿಸ್ಟಮ್ ಪ್ಯಾಕೇಜಸ್’ ಎಂದು ಬರೆದುಕೊಟ್ಟು ಬಾ ಎಂದಿತು. ಮನೆ ಒಡೆಯುತ್ತೇನೆಂದು ಮೊದಲೇ ಮುಚ್ಚಳಿಕೆ ಬರೆದುಕೊಟ್ಟ ಹಾಗೆ! ಕೊಟ್ಟೆ. ಒಡೆಯಿತು.

ಆಮೇಲೆ ಭಯಭಕ್ತಿಯಿಂದ ಹೊಸ ಕೋಣೆ ಕಟ್ಟಿದೆ. ಹೆಸರು ‘ವೆನ್ವ್’. ಫೋಲ್ಡರಿನ ಹೆಸರು ಬದಲಿಸಿದ್ದಕ್ಕೇ ಅದು ಮುನಿಸಿಕೊಂಡಿತು (ಹುಟ್ಟಿದೂರಿನ ಪೂರ್ತಿ ವಿಳಾಸವನ್ನು ಒಳಗೆಲ್ಲ ಹಚ್ಚೆ ಹಾಕಿಸಿಕೊಂಡಿರುತ್ತದೆ, ಪುಣ್ಯಾತ್ಗಿತ್ತಿ). ಹಾಗಾಗಿ ‘ವೆನ್ವ್2’. ಆಮೇಲೆ ‘ವೆನ್ವ್_ಹೊಸದು’. ಅದಾದ ಮೇಲೆ ‘ವೆನ್ವ್_ನಿಜವಾಗಿಯೂ_ಹೊಸದು’.

ನಿನ್ನೆ ಎಣಿಸಿದೆ. ಮಡಿಕೋಣೆಗಳು 14, ಮುಗಿದ ಪ್ರಾಜೆಕ್ಟು 0.